ಕರಗಿದ್ದು ಯಾವುದಾದರೂ ಒಂದೇ ಅಂತಾರೆ, ಮತ್ತೆ ಉಪ್ಪಿಗೆ ಯಾಕೆ ಬೇರೆ ಲೆಕ್ಕ? (ಕೊಲಿಗೇಟಿವ್ ಗುಣಗಳು – ಡೌಟು)

ಪಿಯು ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕೆಮಿಸ್ಟ್ರಿಯಲ್ಲಿ ದ್ರಾವಣಗಳ ಪಾಠ ನಡೆಯುತ್ತಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಕೊಲಿಗೇಟಿವ್ ಗುಣ ಅಂದರೆ, ಕರಗಿದ ವಸ್ತು ಯಾವುದು ಅನ್ನುವುದು ಮುಖ್ಯ ಅಲ್ಲ, ಎಷ್ಟು ಕಣ ಇವೆ ಅನ್ನುವುದಷ್ಟೇ ಮುಖ್ಯ ಅಂತ ಓದಿದೆ. ಆಮೇಲೆ ಒಂದು ಲೆಕ್ಕ ಬಂತು. ಯೂರಿಯಾ, ಅಡುಗೆ ಉಪ್ಪು, ಕ್ಯಾಲ್ಸಿಯಂ ಕ್ಲೋರೈಡ್, ಮೂರೂ 0.1 ಮೊಲಾಲ್, ಅಂದರೆ ಒಂದು ಕಿಲೋ ನೀರಿಗೆ 0.1 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಒಂದು ಅಳತೆ, ಡಜನ್ ಇದ್ದ ಹಾಗೆ). ಯಾವುದರ ಕುದಿಬಿಂದು ಜಾಸ್ತಿ? ಉತ್ತರ ಕ್ಯಾಲ್ಸಿಯಂ ಕ್ಲೋರೈಡ್ ಅಂತೆ. ವಸ್ತು ಯಾವುದಾದರೂ ಒಂದೇ ಅಂದಮೇಲೆ ಮೂರಕ್ಕೂ ಒಂದೇ ಉತ್ತರ ಬರಬೇಕಲ್ವಾ? ಕ್ಲಾಸಿನಲ್ಲಿ ಕೇಳಿದೆ. "ಐ ಹಾಕಿ ಗುಣಿಸು, ಸಾಕು" ಅಂದರು. ಗುಣಿಸಿದರೆ ಉತ್ತರ ಬರುತ್ತದೆ. ಆದರೆ ಅರ್ಥ ಆಗಿಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ತಾಯಿ. ನಿನ್ನ ಸಂಶಯ ಸರಿಯಾದ ಜಾಗದಲ್ಲೇ ಇದೆ. ಅದು ನೂರನಲವತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳಿಗೂ ಇತ್ತು.

ಮೊದಲು ಉತ್ತರ. ಯೂರಿಯಾ ನೀರಿಗೆ ಬಿದ್ದರೆ ಒಂದು ಅಣು ಒಂದೇ ಕಣವಾಗಿ ಉಳಿಯುತ್ತದೆ. ಸಕ್ಕರೆಯೂ ಹಾಗೇ. ಉಪ್ಪು ಹಾಗಲ್ಲ. ನೀರಿಗೆ ಬಿದ್ದ ಕೂಡಲೇ ಸೋಡಿಯಂ ಅಯಾನು ಒಂದು, ಕ್ಲೋರೈಡ್ ಅಯಾನು ಒಂದು, ಹೀಗೆ ವಿದ್ಯುದಂಶ ಹೊತ್ತ ಎರಡು ಕಣಗಳಾಗಿ ಒಡೆಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಮೂರಾಗುತ್ತದೆ. ಹಾಗಾಗಿ ಬಾಟಲಿ ಮೇಲೆ ಮೂರಕ್ಕೂ 0.1 ಅಂತ ಚೀಟಿ ಅಂಟಿಸಿದ್ದರೂ ಒಳಗಿನ ಕಣಗಳ ಲೆಕ್ಕ 0.1, 0.2, 0.3. ನಿಯಮ ಎಲ್ಲೂ ಮುರಿದಿಲ್ಲ. ನಾವು ತಲೆ ಎಣಿಸಿದ್ದು ನೀರಿಗೆ ಹಾಕುವ ಮೊದಲು. ಎಣಿಸಬೇಕಾದ್ದು ಹಾಕಿದ ಮೇಲೆ. ಆ "ಐ" ಅನ್ನುವುದು ಇಷ್ಟೇ, ಹಾಕಿದ ಒಂದು ಒಳಗೆ ಎಷ್ಟಾಯಿತು ಅನ್ನುವ ಸಂಖ್ಯೆ.

ಈಗ ಹಳೆಯ ಕತೆ. 1880ರ ದಶಕದಲ್ಲಿ ಫ್ರಾನ್ಸಿನ ರೌಲ್ ಅನ್ನುವವರು ಸಾಲು ಸಾಲು ದ್ರಾವಣಗಳ ಹೆಪ್ಪುಗಟ್ಟುವ ಬಿಂದು, ಆವಿ ಒತ್ತಡ ಅಳೆದರು. ತೆಳು ಪೊರೆ ದಾಟಿ ನೀರು ಕರಗಿದ ಕಣ ಜಾಸ್ತಿ ಇರುವ ಕಡೆಗೆ ಹೋಗುತ್ತದಲ್ಲ, ಅದೇ ಆಸ್ಮಾಸಿಸ್; ಅದರ ಒತ್ತಡಕ್ಕೆ ಹಾಲೆಂಡಿನ ವ್ಯಾಂಟ್ ಹಾಫ್ ಸೂತ್ರ ಕೊಟ್ಟರು. ಸಕ್ಕರೆ, ಯೂರಿಯಾ ಎಲ್ಲ ಲೆಕ್ಕಕ್ಕೆ ಸಿಕ್ಕವು. ಉಪ್ಪುಗಳು ಮಾತ್ರ ಸಿಗಲಿಲ್ಲ. ಸುಮಾರು ಎರಡು ಪಟ್ಟು, ಕೆಲವು ಮೂರು ಪಟ್ಟು ಪರಿಣಾಮ. ಯಾಕೆ ಅಂತ ಗೊತ್ತಿಲ್ಲದೆ ವ್ಯಾಂಟ್ ಹಾಫ್ ಲೆಕ್ಕ ಸರಿಹೋಗಲು ಒಂದು "ಐ" ಇಟ್ಟರು. ಅದಕ್ಕೆ ಅರ್ಥ ಕೊಟ್ಟವರು ಸ್ವೀಡನ್ನಿನ ಅರ್ಹೇನಿಯಸ್. ಉಪ್ಪು ನೀರಿನಲ್ಲಿ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಅಂದರು. ಆ ದಾರಿಯ ಶುರು 1884ರ ಅವರ ಡಾಕ್ಟರೇಟ್ ಪ್ರಬಂಧ. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ, ತೀರಾ ಕೆಳಗಿನ ದರ್ಜೆ ಕೊಟ್ಟರು. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ವ್ಯಾಂಟ್ ಹಾಫ್ ಅವರಿಗೆ ಹೋಯಿತು. 1903ರದ್ದು ಅರ್ಹೇನಿಯಸ್ ಅವರಿಗೆ.

ಅಂದರೆ ನಿನಗೆ "ಸುಮ್ನೆ ಗುಣಿಸು" ಅಂದ ಆ ಅಕ್ಷರವೇ ಅಯಾನುಗಳಿರುವುದಕ್ಕೆ ದೊಡ್ಡ ಸಾಕ್ಷಿಯಾಯಿತು. ಅದನ್ನು ಸುಮ್ನೆ ಗುಣಿಸಬೇಡ.

ಅಡುಗೆ ಮನೆ ವಿಜ್ಞಾನ

ಮೇಷ್ಟ್ರೇ ಚೆನ್ನಾಗಿ ಹೇಳಿದಿರಿ. ನಾನೊಂದು ದಿನನಿತ್ಯದ ಉದಾಹರಣೆ ಸೇರಿಸುತ್ತೇನೆ. ಬೇಳೆ ಬೇಯಿಸುವ ನೀರಿಗೆ ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆ, ಹಾಗಾಗಿ ಬೇಳೆ ಬೇಗ ಬೇಯುತ್ತದೆ. ಇದೂ ಕೊಲಿಗೇಟಿವ್ ಗುಣವೇ ಅಲ್ವಾ?

ನಿವೃತ್ತ ಮೇಷ್ಟ್ರು

ಏರುವುದು ನಿಜ. ಬೇಗ ಬೇಯುವುದು ನಿಜವಲ್ಲ. ಎಷ್ಟು ಏರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಸುಮಾರು 6 ಗ್ರಾಂ. ಉಪ್ಪಿನ ಮೋಲ್ ತೂಕ 58.5. ಅಂದರೆ ಸುಮಾರು 0.1 ಮೋಲ್. ಎರಡಾಗಿ ಒಡೆಯುವುದರಿಂದ 0.2. ನೀರಿನ ಸ್ಥಿರಾಂಕ 0.512, ಅಂದರೆ ಒಂದು ಕಿಲೋ ನೀರಿಗೆ ಒಂದು ಮೋಲ್ ಕಣ ಸೇರಿದರೆ ಕುದಿಬಿಂದು ಏರುವ ಡಿಗ್ರಿ. ಗುಣಿಸಿದರೆ 0.1 ಡಿಗ್ರಿ. ಒಂದು ಡಿಗ್ರಿಯ ಹತ್ತನೇ ಒಂದು ಭಾಗ! ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿಗೆ ಹೋಲಿಸಿದರೆ ಮೂರು ಡಿಗ್ರಿ ಕಡಿಮೆ. ಆ ಮೂರು ಡಿಗ್ರಿಯನ್ನು ಉಪ್ಪಿನಿಂದ ತುಂಬಿಸಬೇಕಾದರೆ ಲೀಟರಿಗೆ ಹತ್ತಿರ ಹತ್ತಿರ 170 ಗ್ರಾಂ ಹಾಕಬೇಕು. ಆ ಸಾರನ್ನು ಯಾರೂ ಬಾಯಿಗಿಡಲಾರರು. ಅದಕ್ಕೇ ಕುಕ್ಕರ್ ಇರುವುದು. ಅದು ಒತ್ತಡ ಹೆಚ್ಚಿಸಿ 120 ಡಿಗ್ರಿ ಹತ್ತಿರ ಒಯ್ಯುತ್ತದೆ. ಉಪ್ಪು ರುಚಿಗೆ.

ಪಿಯು ಹುಡುಗಿ

ಸರ್, ಐ ಈಗ ಅರ್ಥ ಆಯ್ತು. ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲೇ? ಕಣ ಸೇರಿದರೆ ಕುದಿಬಿಂದು ಯಾಕೆ ಮೇಲೆ ಹೋಗುತ್ತದೆ, ಹೆಪ್ಪುಗಟ್ಟುವ ಬಿಂದು ಯಾಕೆ ಕೆಳಗೆ ಹೋಗುತ್ತದೆ? ಎರಡೂ ಒಂದೇ ಕಡೆ ಹೋಗಬೇಕಿತ್ತು ಅನಿಸುತ್ತದೆ.

ಟ್ಯೂಷನ್ ಅಣ್ಣ

ನಾನು ಮಕ್ಕಳಿಗೆ ಹೇಳುವುದು ಹೀಗೆ. ನೀರಿನ ಮೇಲ್ಮೈಯಲ್ಲಿ ಉಪ್ಪಿನ ಕಣಗಳು ಜಾಗ ಹಿಡಿದು ಕೂತಿರುತ್ತವೆ. ಬಾಗಿಲಿಗೆ ಅಡ್ಡ ನಿಂತ ಹಾಗೆ. ನೀರಿನ ಅಣು ಹೊರಗೆ ಹೋಗಲು ಕಷ್ಟ. ಆವಿ ಒತ್ತಡ ಕಡಿಮೆ, ಕುದಿಯಲು ಜಾಸ್ತಿ ಬಿಸಿ ಬೇಕು.

ನಿವೃತ್ತ ಮೇಷ್ಟ್ರು

ನಾನೂ ಎಷ್ಟೋ ವರ್ಷ ಹೀಗೇ ಹೇಳಿಕೊಟ್ಟೆ ಕಣಪ್ಪ. ನೆನಪಿಗೆ ಸುಲಭ. ಆದರೆ ಒಂದು ತೊಡಕಿದೆ. ಬಾಗಿಲಿಗೆ ಅಡ್ಡ ನಿಂತವನು ಹೊರಗೆ ಹೋಗುವವರನ್ನು ತಡೆದರೆ ಒಳಗೆ ಬರುವವರನ್ನೂ ತಡೆಯಬೇಕು. ಆವಿ ವಾಪಸ್ ನೀರಾಗುವುದೂ ಅಷ್ಟೇ ಕಡಿಮೆಯಾದರೆ ಒತ್ತಡ ಬದಲಾಗುವ ಕಾರಣವೇ ಇಲ್ಲ. ಇನ್ನು ಹೆಪ್ಪುಗಟ್ಟುವುದಕ್ಕೆ ಆ ಮೇಲ್ಮೈಯ ಮಾತು ಹೊಂದುವುದೇ ಇಲ್ಲ.

ತಾಯಿ, ನಿನಗೆ ಇದನ್ನು ಹೀಗೆ ನೋಡಲು ಹೇಳುತ್ತೇನೆ. ಉಪ್ಪುನೀರು ಕುದಿಸಿದರೆ ಮೇಲೇಳುವ ಆವಿಯಲ್ಲಿ ಉಪ್ಪಿಲ್ಲ, ಬರೀ ನೀರು. ಉಪ್ಪುನೀರು ಹೆಪ್ಪುಗಟ್ಟಿದರೆ ಮೊದಲು ಕೂಡುವ ಮಂಜುಗಡ್ಡೆಯ ಹರಳಿನಲ್ಲೂ ಉಪ್ಪಿಲ್ಲ, ಬರೀ ನೀರು. ಉಪ್ಪು ಇರುವುದು ನಡುವಿನ ದ್ರವದಲ್ಲಿ ಮಾತ್ರ. ಬೆರೆತುಹೋದದ್ದು ಮತ್ತೆ ತಾನಾಗಿ ಬೇರೆಯಾಗಲು ಒಪ್ಪುವುದಿಲ್ಲ, ಇದು ಪ್ರಕೃತಿಯ ಸ್ವಭಾವ. ಬೆರೆತ ಕೂಟದಿಂದ ನೀರಿನ ಅಣುವನ್ನು ಬಿಡಿಸಿ ಆವಿಯ ಕಡೆಗೆ ಕಳಿಸಬೇಕಾದರೆ ಇನ್ನಷ್ಟು ಬಿಸಿ ಮಾಡಬೇಕು. ಮಂಜುಗಡ್ಡೆಯ ಕಡೆಗೆ ಕಳಿಸಬೇಕಾದರೆ ಇನ್ನಷ್ಟು ತಣ್ಣಗೆ ಮಾಡಬೇಕು. ದ್ರವದ ಸೀಮೆ ಎರಡೂ ಕಡೆ ಹಿಗ್ಗಿತು, ಅಷ್ಟೇ. ಶುದ್ಧ ನೀರು 0ಯಿಂದ 100ರವರೆಗೆ ದ್ರವ. 0.1 ಮೊಲಾಲ್ ಸಕ್ಕರೆ ನೀರು ಮೈನಸ್ 0.186ರಿಂದ 100.05ರವರೆಗೆ. ಎರಡು ಬೇರೆ ಬೇರೆ ನಿಯಮ ಅಲ್ಲ, ಒಂದೇ ನಿಯಮದ ಎರಡು ತುದಿ. ಆವಿ ಒತ್ತಡ, ಕುದಿಬಿಂದು, ಹೆಪ್ಪುಗಟ್ಟುವ ಬಿಂದು, ಆಸ್ಮಾಸಿಸ್ ನಾಲ್ಕನ್ನೂ ಒಟ್ಟಿಗೆ ಕಟ್ಟುವ ದಾರ ಅದು. ಕೊಲಿಗೇಟಿವ್ ಅನ್ನುವ ಪದದ ಲ್ಯಾಟಿನ್ ಮೂಲದ ಅರ್ಥವೂ "ಒಟ್ಟಿಗೆ ಕಟ್ಟಿದ್ದು" ಅಂತಲೇ.

ಟ್ಯೂಷನ್ ಅಣ್ಣ

ಒಪ್ಪಿದೆ ಸರ್. ನಾಳೆಯಿಂದ ಪಾಠ ಬದಲಾಯಿಸುತ್ತೇನೆ.

ಆಲೆಮನೆ ಮಂಡ್ಯ

ನಾನು ಕೆಮಿಸ್ಟ್ರಿ ಓದಿದವನಲ್ಲ. ನಮ್ಮದು ಬೆಲ್ಲದ ಆಲೆಮನೆ. ನೀವು ಹೇಳುವ ಕುದಿಬಿಂದು ಏರುವುದನ್ನು ಕಣ್ಣಾರೆ ಕಂಡಿದ್ದೇನೆ, ಆದರೆ ನಿಮ್ಮ ಸೂತ್ರದ ಹಾಗೆ ನಿಧಾನಕ್ಕೆ ಏರುವುದಿಲ್ಲ.

ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಾ ಇರುತ್ತೇವೆ. ಕುದಿ ಬಂದ ಮೇಲೆ ಮಡ್ಡಿ ತೆಗೆಯುತ್ತೇವೆ. ಗಂಟೆಗಟ್ಟಲೆ ಕುದಿಯುತ್ತಲೇ ಇರುತ್ತದೆ, ಹೆಚ್ಚೇನೂ ಬದಲಾವಣೆ ಕಾಣುವುದಿಲ್ಲ. ಮಗ ತಂದ ಉದ್ದ ಥರ್ಮಾಮೀಟರ್ ಇಟ್ಟು ನೋಡಿದರೂ ನೂರರ ಆಸುಪಾಸಿನಲ್ಲೇ ನಿಂತಿರುತ್ತದೆ. ಕೊನೆಗೆ ಏನಾಗುತ್ತದೋ, ಗುಳ್ಳೆಗಳ ರೂಪವೇ ಬದಲಾಗುತ್ತದೆ. ಮೊದಲು ಚಟಪಟ ಸಣ್ಣ ಗುಳ್ಳೆ. ಆಮೇಲೆ ದಪ್ಪ ದಪ್ಪ, ಉಸಿರು ಬಿಟ್ಟ ಹಾಗೆ "ಬೊಳ್" ಅಂತ ಒಡೆಯುತ್ತವೆ. ಆಗ ಮುಳ್ಳು ಸರಸರ ಓಡುತ್ತದೆ. 105, 110, 115. ನಮ್ಮಪ್ಪ ಥರ್ಮಾಮೀಟರ್ ನೋಡಿದವರಲ್ಲ. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉರುಳಿಸಿ ಉಂಡೆ ಆಯಿತಾ ನೋಡುತ್ತಿದ್ದರು. ಉಂಡೆ ಕೂತಿತು ಅಂದರೆ ಇಳಿಸು ಅಂತ ಕೂಗು. ಎರಡು ನಿಮಿಷ ತಡವಾದರೆ ಕಪ್ಪಗಾಯಿತು, ಬೇಗ ಇಳಿಸಿದರೆ ಅಚ್ಚಿನಲ್ಲಿ ಕೂರುವುದಿಲ್ಲ. ಅವರು ಇಳಿಸುವ ಹೊತ್ತಿಗೆ ಮುಳ್ಳು 118ರ ಹತ್ತಿರ ಇರುತ್ತದೆ. ಎಷ್ಟೋ ಸಲ ಹೊಂದಿಸಿ ನೋಡಿದ್ದೇನೆ.

ಯಾಕೆ ಮೊದಲು ನಿಂತು ಕೊನೆಗೆ ಓಡುತ್ತದೆ?

ನಿವೃತ್ತ ಮೇಷ್ಟ್ರು

ಇಷ್ಟು ಚೆನ್ನಾಗಿ ಯಾರೂ ವಿವರಿಸಿದ್ದು ನೋಡಿರಲಿಲ್ಲ ಯಜಮಾನರೇ. ನಿಮ್ಮಪ್ಪನವರ ಬೆರಳಿಗೆ ನನ್ನ ನಮಸ್ಕಾರ.

ಗುಟ್ಟು ಇಷ್ಟು. ಲೆಕ್ಕ ಮಾಡುವುದು ಒಂದು ಕಿಲೋ ನೀರಿಗೆ ಎಷ್ಟು ಕಣ ಅಂತ. ಒಂದು ಕಿಲೋ ದ್ರಾವಣಕ್ಕಲ್ಲ. ಕಬ್ಬಿನ ಹಾಲಿನಲ್ಲಿ ನೂರಕ್ಕೆ 18 ಪಾಲು ಸಕ್ಕರೆ ಅಂದುಕೊಳ್ಳಿ. ಒಂದು ಕಿಲೋ ನೀರಿಗೆ 220 ಗ್ರಾಂ ಬಂತು. ಸಕ್ಕರೆಯ ಮೋಲ್ ತೂಕ 342, ತುಂಬಾ ಭಾರದ ಅಣು. ಹಾಗಾಗಿ ಕಣಗಳು ಕಡಿಮೆ. ಏರಿಕೆ ಬರೀ 0.3 ಡಿಗ್ರಿ. ಅರ್ಧ ನೀರು ಆರಿಸಿದ ಮೇಲೂ ಒಂದು ಡಿಗ್ರಿ ಏರಿರುವುದಿಲ್ಲ. ಕೊನೆಗೆ ನೀರು ಸ್ವಲ್ಪವೇ ಉಳಿದಿರುವಾಗ ಒಂದೊಂದು ಲೋಟ ಆವಿಯಾಗಿ ಹೋದರೂ ಹಂಚಿಕೆ ಎಷ್ಟು ಬದಲಾಗುತ್ತದೆ ನೋಡಿ. ನೂರಕ್ಕೆ 60 ಪಾಲು ಸಕ್ಕರೆ ಆದಾಗ ಒಂದು ಕಿಲೋ ನೀರಿಗೆ ಒಂದೂವರೆ ಕಿಲೋ. 80 ಪಾಲು ಆದಾಗ ನಾಲ್ಕು ಕಿಲೋ. 90 ಆದಾಗ ಒಂಬತ್ತು ಕಿಲೋ! ಅದಕ್ಕೇ ಮುಳ್ಳು ಓಡುವುದು.

ಇನ್ನೊಂದು ವಿಷಯ, ಪಿಯು ಮಕ್ಕಳೂ ಗಮನಿಸಿ. 80 ಪಾಲಿನ ಪಾಕಕ್ಕೆ ಸೂತ್ರ ಹಾಕಿದರೆ 106 ಬರುತ್ತದೆ. ನಿಜದಲ್ಲಿ ಸುಮಾರು 112ಕ್ಕೆ ಕುದಿಯುತ್ತದೆ. ಯಾಕೆಂದರೆ ಆ ಸರಳ ಸೂತ್ರ ತೆಳು ದ್ರಾವಣಕ್ಕೆ ಮಾತ್ರ. ದಪ್ಪ ಪಾಕದಲ್ಲಿ ಸಕ್ಕರೆ ಅಣುಗಳು ಸುತ್ತಲಿನ ನೀರನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿ ಕರಗಿದ್ದು ಯಾವುದು ಅನ್ನುವುದೂ ಮುಖ್ಯವಾಗುತ್ತದೆ. ತೆಳು ದ್ರಾವಣ ಅನ್ನುವ ಮಾತನ್ನು ಪರೀಕ್ಷೆಯಲ್ಲಿ ಬರೆಯದೆ ಬಿಡಬೇಡಿ.

ನೀಟ್ ತಯಾರಿ

ನನಗೆ ಮೊಲಾಲಿಟಿ ಲೆಕ್ಕ ತಪ್ಪುತ್ತಿದ್ದದ್ದು ಇಲ್ಲೇ. ದ್ರಾವಣದ ತೂಕದಿಂದ ಭಾಗಿಸುತ್ತಿದ್ದೆ. ಈಗ ಹೊಳೆಯಿತು. ಅಂದಹಾಗೆ ಐ ಒಂದಕ್ಕಿಂತ ಕಡಿಮೆಯೂ ಆಗಬಹುದಾ?

ಟ್ಯೂಷನ್ ಅಣ್ಣ

ಆಗುತ್ತದೆ. ಬೆನ್ಜೀನಿನಲ್ಲಿ ಬೆನ್ಜೋಯಿಕ್ ಆಮ್ಲ ಹಾಕಿದರೆ ಎರಡೆರಡು ಅಣು ಜೋಡಿಯಾಗುತ್ತವೆ. ನೂರು ತಲೆ ಹೋಗಿ ಐವತ್ತು ಜೋಡಿ. ಹಾಗಾಗಿ ಐ ಸುಮಾರು ಅರ್ಧ. ಉಪ್ಪಿಗೂ ಸರಿಯಾಗಿ 2 ಬರುವುದಿಲ್ಲ. 0.1 ಮೊಲಾಲ್ ದ್ರಾವಣದಲ್ಲಿ ಅಳೆದರೆ 1.87. ಎದುರುಬದುರು ವಿದ್ಯುದಂಶದ ಅಯಾನುಗಳು ಒಂದನ್ನೊಂದು ಪೂರ್ತಿ ಬಿಟ್ಟುಕೊಡುವುದಿಲ್ಲ.

ವಾರ್ಡ್ ಸಿಸ್ಟರ್

ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ. ನಿಮ್ಮ ಈ ಕಣ ಎಣಿಸುವ ಲೆಕ್ಕದ ಮೇಲೆ ಜೀವ ನಿಂತಿರುತ್ತದೆ.

ಡ್ರಿಪ್ ಬಾಟಲಿ ನೋಡಿದ್ದೀರಲ್ವಾ. ನಾರ್ಮಲ್ ಸಲೈನ್ ಅಂದರೆ 0.9%, ಲೀಟರಿಗೆ 9 ಗ್ರಾಂ ಉಪ್ಪು. ಪಕ್ಕದ ಡೆಕ್ಸ್‌ಟ್ರೋಸ್ ಬಾಟಲಿ 5%, ಲೀಟರಿಗೆ 50 ಗ್ರಾಂ ಗ್ಲೂಕೋಸ್. ಟ್ರೈನಿಂಗಿನಲ್ಲಿ ಇದು ಯಾಕೆ ಹೀಗೆ ಅಂತ ನನಗೆ ಹೊಳೆದಿರಲಿಲ್ಲ. 9 ಎಲ್ಲಿ, 50 ಎಲ್ಲಿ. ಕಣ ಎಣಿಸಿದರೆ ಸಲೈನ್‌ನಲ್ಲಿ ಲೀಟರಿಗೆ 308 ಮಿಲಿಮೋಲ್, ಡೆಕ್ಸ್‌ಟ್ರೋಸ್‌ನಲ್ಲಿ 278. ರಕ್ತದ್ದು 290ರ ಆಸುಪಾಸು. ಎರಡೂ ರಕ್ತಕ್ಕೆ ಹತ್ತಿರ. ಬರೀ ನೀರನ್ನು ರಕ್ತನಾಳಕ್ಕೆ ಬಿಟ್ಟರೆ ಕೆಂಪು ರಕ್ತಕಣಗಳ ಒಳಗೆ ನೀರು ನುಗ್ಗಿ ಅವು ಒಡೆದುಹೋಗುತ್ತವೆ. ತೀರಾ ಉಪ್ಪಾದರೆ ಸುಕ್ಕುಗಟ್ಟುತ್ತವೆ.

ಆದರೆ ನಾನು ಹೇಳಬೇಕಾದ್ದು ಓಆರ್‌ಎಸ್ ಬಗ್ಗೆ. ಒಂದು ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಒಳಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಕಣಗಳ ಲೆಕ್ಕದಲ್ಲಿ ಗ್ಲೂಕೋಸ್ 75, ಸೋಡಿಯಂ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10. ಒಟ್ಟು 245. ರಕ್ತಕ್ಕಿಂತ ಸ್ವಲ್ಪ ಕಡಿಮೆ. ಬೇಕಂತಲೇ ಹಾಗೆ ಇಟ್ಟಿದ್ದಾರೆ, ನೀರು ಕರುಳಿನಿಂದ ದೇಹದ ಕಡೆಗೆ ಸಾಗಲಿ ಅಂತ. ಮೊದಲು 311 ಇತ್ತು, 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 245ಕ್ಕೆ ಇಳಿಸಿತು. ಗ್ಲೂಕೋಸ್ ಶಕ್ತಿಗಾಗಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಸೋಡಿಯಂ ಅನ್ನು ಕರುಳಿನ ಗೋಡೆ ದಾಟಿಸುವುದು. ಅದರ ಹಿಂದೆಯೇ ನೀರು ಹೋಗುತ್ತದೆ.

ಒಮ್ಮೆ ಒಬ್ಬ ತಾಯಿ ಭೇದಿಯಾಗುತ್ತಿದ್ದ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದರು. "ಓಆರ್‌ಎಸ್ ಕೊಡ್ತಾನೇ ಇದ್ದೀನಿ ಸಿಸ್ಟರ್, ಜಾಸ್ತಿನೇ ಆಗ್ತಿದೆ" ಅಂದರು. ಹೇಗೆ ಕಲಸಿದಿರಿ ಅಂತ ಕೇಳಿದೆ. ಒಂದು ಲೋಟ ನೀರಿಗೆ ಇಡೀ ಪ್ಯಾಕೆಟ್. ಮಗು ಒಂದು ಲೀಟರ್ ಎಲ್ಲಿ ಕುಡಿಯುತ್ತದೆ, ಗಟ್ಟಿ ಇದ್ದರೆ ಬೇಗ ಗುಣ ಆಗಲಿ ಅಂತ. ಪಾಪ, ಪ್ರೀತಿಯಿಂದಲೇ ಮಾಡಿದ್ದು. 200 ಮಿಲಿಗೆ ಹಾಕಿದರೆ 245 ಹೋಗಿ 1225. ರಕ್ತದ ನಾಲ್ಕು ಪಟ್ಟು. ಆಗ ನೀರು ಕರುಳಿನಿಂದ ಒಳಗೆ ಹೋಗುವುದಿಲ್ಲ, ದೇಹದ ನೀರೇ ಕರುಳಿಗೆ ಇಳಿಯುತ್ತದೆ. ಸೋಡಿಯಂ ಬೇರೆ ಏರುತ್ತದೆ. ಆ ಮಗು ಹುಷಾರಾಯಿತು, ಆದರೆ ಆ ತಾಯಿಯ ಮುಖ ನನಗೆ ಮರೆಯಲು ಆಗಿಲ್ಲ.

ದಯವಿಟ್ಟು ಓದಿದವರೆಲ್ಲ ಮನೆಯಲ್ಲಿ ಹೇಳಿ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ. ಲೀಟರ್ ಬಾಟಲಿಯಲ್ಲೇ ಕಲಸಿ. ಚಮಚ ಚಮಚವಾಗಿ ಕುಡಿಸಿ. 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಿ.

ನಿವೃತ್ತ ಮೇಷ್ಟ್ರು

ಸಿಸ್ಟರ್, ಇದನ್ನು ಪ್ರತಿ ಪಿಯು ಕ್ಲಾಸಿನಲ್ಲೂ ಓದಿಸಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳೆದು ಬೆರೆಸಿದ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ಶಿರಸಿ ಅತ್ತೆ

ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಲ್ಲಿ ಹಾಕುವುದೂ ಇದೇ ಅಲ್ಲವೇ? ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಒಂದು ತೊಟ್ಟು ನೀರು ಹಾಕುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮಿಡಿ ಸುಕ್ಕುಗಟ್ಟಿ ಸಣ್ಣಗಾಗಿರುತ್ತದೆ, ಭರಣಿ ತುಂಬ ನೀರು. ಆ ನೀರಿನಲ್ಲೇ ಹುಳಿ, ಪರಿಮಳ ಎಲ್ಲ.

ವಾರ್ಡ್ ಸಿಸ್ಟರ್

ಅದೇ ಅತ್ತೆ. ಮಿಡಿಯ ಜೀವಕೋಶದ ನೀರು ಉಪ್ಪಿನ ಕಡೆಗೆ ಹೊರಟಿತು. ಭರಣಿಯಲ್ಲಿ ಕೆಡಿಸುವ ಸೂಕ್ಷ್ಮಜೀವಿಗಳಿಗೂ ಅದೇ ಗತಿ, ಅವುಗಳ ನೀರೂ ಹೊರಗೆ. ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದಕ್ಕೆ ಅದೂ ಒಂದು ಕಾರಣ.

ಟೊರಾಂಟೊ ಕನ್ನಡಿಗ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಲಾರಿಯಲ್ಲಿ ಉಪ್ಪು ಸುರಿಯುತ್ತಾರೆ, ಮಂಜು ಕರಗಲಿ ಅಂತ. ಮೈನಸ್ 10ರ ಕೆಳಗೆ ಇಳಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಹುಡುಗಿಯ ಲೆಕ್ಕದಲ್ಲಿದ್ದ ಅದೇ ಪುಡಿ. ಕಾರಿನ ರೇಡಿಯೇಟರಿಗೆ ಅರ್ಧ ನೀರು, ಅರ್ಧ ಗ್ಲೈಕಾಲ್. ಮೈನಸ್ 35ರಲ್ಲೂ ಹೆಪ್ಪುಗಟ್ಟುವುದಿಲ್ಲ.

ಪಿಯು ಹುಡುಗಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ಮನೆಯಲ್ಲೇ ಮಾಡಿ ನೋಡಿದೆ. ಎರಡು ಸ್ಟೀಲ್ ಲೋಟ. ಎರಡಕ್ಕೂ 200 ಮಿಲಿ ನೀರು. ಒಂದಕ್ಕೆ 20 ಗ್ರಾಂ ಸಕ್ಕರೆ, ಇನ್ನೊಂದಕ್ಕೆ 20 ಗ್ರಾಂ ಉಪ್ಪು. ಮೊದಲೇ ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದಿಟ್ಟೆ. ಸಕ್ಕರೆಯದ್ದು ಮೈನಸ್ 0.5, ಉಪ್ಪಿನದ್ದು ಮೈನಸ್ 6.4. ಒಂದೇ ತೂಕ, ಆದರೆ ಉಪ್ಪಿನ ಕಣಗಳು ಹತ್ತಿರ ಹತ್ತಿರ ಹನ್ನೆರಡು ಪಟ್ಟು. ರಾತ್ರಿ ಫ್ರೀಜರಿನಲ್ಲಿಟ್ಟೆ.

ಬೆಳಿಗ್ಗೆ ಸಕ್ಕರೆ ಲೋಟ ಗಟ್ಟಿ, ಚಮಚದಲ್ಲಿ ಹೊಡೆದರೂ ಒಡೆಯಲಿಲ್ಲ. ಉಪ್ಪಿನ ಲೋಟದಲ್ಲಿ ಚಮಚ ಸೀದಾ ಇಳಿಯಿತು. ಮಂಜಿನ ಪುಡಿ, ನಡುವೆ ನೀರು. ಮೇಷ್ಟ್ರು ಹೇಳಿದ್ದು ನೆನಪಾಗಿ ಒಂದು ಕೆಲಸ ಮಾಡಿದೆ. ಟೀ ಸೋಸುವ ಜಾಲರಿಯಲ್ಲಿ ಸುರಿದು ನೀರನ್ನು ಬೇರೆ ಮಾಡಿದೆ. ಮಂಜಿನ ಹರಳುಗಳನ್ನು ತಣ್ಣೀರಿನಲ್ಲಿ ಬೇಗ ಒಮ್ಮೆ ಅದ್ದಿ ತೆಗೆದು ನಾಲಿಗೆ ಮೇಲಿಟ್ಟೆ. ಉಪ್ಪು ತುಂಬಾ ಕಡಿಮೆ. ಸೋಸಿದ ನೀರು ಬಾಯಿಗಿಟ್ಟರೆ ಮೊದಲಿಗಿಂತ ಖಾರವಾದ ಉಪ್ಪು, ಉಗುಳಿಬಿಟ್ಟೆ.

ಸರ್, ಒಂದು ಡೌಟು. ಹೆಪ್ಪುಗಟ್ಟಿದಷ್ಟೂ ಉಳಿದ ನೀರು ಇನ್ನೂ ಉಪ್ಪಾಗುತ್ತಾ ಹೋದರೆ, ಅದು ಪೂರ್ತಿ ಗಟ್ಟಿಯಾಗುವುದು ಯಾವಾಗ?

ನಿವೃತ್ತ ಮೇಷ್ಟ್ರು

ಮೈನಸ್ 21ರಲ್ಲಿ, ತಾಯಿ. ಆಗ ಉಳಿದ ನೀರಿನಲ್ಲಿ ನೂರಕ್ಕೆ 23 ಪಾಲು ಉಪ್ಪಿರುತ್ತದೆ. ಅಲ್ಲಿಗೆ ಬಂದ ಮೇಲೆ ನೀರೂ ಉಪ್ಪೂ ಒಟ್ಟಿಗೇ ಹರಳಾಗುತ್ತವೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ಕ್ಕೆ ನಿಲ್ಲುತ್ತದೆ. ಇನ್ನೊಂದು ವಾರ ಇಟ್ಟರೂ ನಿನ್ನ ಚಮಚ ಇಳಿಯುತ್ತಲೇ ಇರುತ್ತದೆ.